ತಾತ ನಿಂತುಬಿಟ್ಟ ಸಾಲು

ಮೊನ್ನೆ ಮಗಳ ಶಾಲೆಯ ನಾಟಕಕ್ಕೆ ಅವಳಿಗೆ ಮೀಸೆ ಅಂಟಿಸುವಾಗ, ಆ ಗೋಂದಿನ ವಾಸನೆಗೆ ವೆಸ್ಟ್ ಮಾಂಬಲಂನ ತಾತನ ಮನೆಯ ಒಂದು ಮಧ್ಯಾಹ್ನ ನೆನಪಾಯಿತು.

ಮದರಾಸಿನಲ್ಲಿ ಮೂವತ್ತು ವರ್ಷ ಕನ್ನಡ ನಾಟಕ ಆಡಿಸಿದ್ದ ನನ್ನ ತಾತ ಮನೆಯ ತಾಲೀಮಿಗೂ ಮೀಸೆ ಅಂಟಿಸಿಕೊಳ್ಳುತ್ತಿದ್ದರು. ಮೀಸೆಯಿದ್ದರೆ ತುಟಿ ಬೇರೆ ಥರ ಆಡುತ್ತದೆ ಎನ್ನುತ್ತಿದ್ದರು. ಭಾನುವಾರದ ನಾಟಕದಲ್ಲಿ ಅವರು ರಾಜನಾಗಬೇಕಿತ್ತು. ಅಂದು ತಾಲೀಮಿನಲ್ಲಿ ಮೂರನೇ ಸಲವೂ ಅದೇ ಸಾಲು ಮರೆತು ನಿಂತುಬಿಟ್ಟರು.

"ಈ ಸಲ ಪಾತ್ರ ಬೇರೆಯವರಿಗೆ ಕೊಟ್ಬಿಡಿ ಅಂದ್ರೆ ಕೇಳಲ್ಲ," ಎಂದರು ಅಜ್ಜಿ, ಹುರುಳಿಕಾಯಿ ನಾರು ತೆಗೆಯುತ್ತಾ.

"ಸುಮ್ನಿರೇ, ಬರತ್ತೆ."

ಬರಲಿಲ್ಲ. ಅವರ ಕೈ ಮಾತ್ರ ಗಾಳಿಯಲ್ಲಿ ಎತ್ತಿದಂತೆಯೇ ಇತ್ತು. ಅಜ್ಜಿಯ ಪಕ್ಕ ಕೂತಿದ್ದ ನಾನು ಮೆಲ್ಲಗೆ ಆ ಸಾಲು ಹೇಳಿದೆ.

ತಾತ ತಿರುಗಿದರು. "ಕನ್ನಡ ಓದಕ್ಕೇ ಬರಲ್ವಲ್ಲೇ ನಿಂಗೆ?"

"ಕೇಟ್ಟು ಕೇಟ್ಟು ವಂದುಡುಚ್ಚು ತಾತಾ," ಎಂದೆ ತಮಿಳಿನಲ್ಲೇ. ದಿನವೂ ಕೇಳಿ ಕೇಳಿ ನಾಟಕವೆಲ್ಲ ನನಗೆ ಬಾಯಿಪಾಠವಾಗಿತ್ತು.

ಅವರು ಮೀಸೆ ಕಿತ್ತು ಕೈಯಲ್ಲಿ ಹಿಡಿದರು. "ಭಾನುವಾರ ಪರದೆ ಪಕ್ಕ ಕೂತ್ಕೋ. ನಾನು ನಿಂತ್ರೆ ಹೇಳು. ಅಲ್ಲಿ ಮಾತ್ರ ತಮಿಳು ಬೇಡ, ರಾಣಿಯಮ್ಮ."

ಅಜ್ಜಿ ನಕ್ಕರು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಭಾನುವಾರ ತಾತ ಎರಡು ಸಲ ಮಾತು ನಿಲ್ಲಿಸಿ, ನಿಧಾನವಾಗಿ ನನ್ನತ್ತ ಹೆಜ್ಜೆ ಹಾಕಿ ಬಂದು, ನಾನು ಪಿಸುಗುಟ್ಟಿದ ಸಾಲು ಹೇಳಿದರು. ರಾಜನ ಗಾಂಭೀರ್ಯವೆಂದರೆ ಇದು ಎಂದು ಜನ ಚಪ್ಪಾಳೆ ತಟ್ಟಿದರು.