ಮುಳುಗಿದ ಊರಿನ ಬಾಗಿಲು

"ಮುಟ್ಬೇಡಿ ಅಜ್ಜಿ, ಅದು ತೆಗೆಯಕ್ಕಾಗಲ್ಲ" ಎಂದು ಮ್ಯೂಸಿಯಂ ಕಾಯುವ ರಿಮ್ಮಾ ಕುರ್ಚಿಯಿಂದಲೇ ಗದರುವಷ್ಟರಲ್ಲಿ, ಮುದುಕಿ ಫೈನಾ ಬಾಗಿಲ ಹಿಡಿಯನ್ನು ಮೇಲಕ್ಕೆತ್ತಿ ಮೊಣಕಾಲಿನಿಂದ ಒಮ್ಮೆ ಗುದ್ದಿಯಾಗಿತ್ತು. ವೋಲ್ಗಾ ನದಿಗೆ ಅಣೆಕಟ್ಟು ಕಟ್ಟಿದಾಗ ಮುಳುಗಿದ ಊರಿನಿಂದ ಚೌಕಟ್ಟು, ಹೊಸ್ತಿಲ ಸಮೇತ ಕಿತ್ತು ತಂದ ಬಾಗಿಲು ಅದು. ಬೀಗ ರಿಪೇರಿಯವರೇ ಕೈಚೆಲ್ಲಿದ್ದರು. ಈಗ ಸದ್ದಿಲ್ಲದೆ ತೆರೆದುಕೊಂಡಿತು.

"ನಮ್ಮನೆ ಬಾಗ್ಲು. ಹಿಂಗೇ ತೆಗೀಬೇಕು" ಎಂದಳು ಫೈನಾ. ಬಾಗಿಲ ಹಿಂದೆ ಎರಡು ಮೊಳ ಜಾಗ, ಆಮೇಲೆ ಮ್ಯೂಸಿಯಮ್ಮಿನ ಬರಿಗೋಡೆ. ಅವಳು ಬೂಟು ಕಳಚಿಟ್ಟು, ಹೊಸ್ತಿಲು ದಾಟಿ ಆ ಕತ್ತಲಲ್ಲಿ ನಿಂತಳು.

"ಸಾಕು, ಈಚೆ ಬನ್ನಿ. ನನ್ನ ಕೆಲ್ಸ ಕಳೀತೀರ." ರಿಮ್ಮಾ ಎದ್ದು ಬಂದು ಹೊಸ್ತಿಲಾಚೆಯಿಂದ ಕೈ ಚಾಚಿದಳು. ಮುದುಕಿ ಕೈ ಹಿಂದಕ್ಕೆಳೆದುಕೊಂಡಳು. "ಹೊಸ್ತಿಲ ಮೇಲೆ ಯಾರಾದ್ರೂ ಕೈ ಕೊಡ್ತಾರೇನೇ, ಅಪಶಕುನ! ನಿಮ್ಮಮ್ಮ ಹೇಳ್ಕೊಡ್ಲಿಲ್ವಾ? ಒಳಗೆ ಬಾ."

ಅಮ್ಮನೂ ಅದನ್ನೇ ಹೇಳುತ್ತಿದ್ದಳು. ಹನ್ನೊಂದು ವರ್ಷ ಆ ಬಾಗಿಲನ್ನು ಕಾದಿದ್ದ ರಿಮ್ಮಾ, ಯಾಕೋ ತಾನೂ ಶೂ ಬಿಚ್ಚಿ ಒಳಗೆ ಕಾಲಿಟ್ಟಳು. ನೆಲ ಕೊರೆಯುವಷ್ಟು ತಣ್ಣಗಿತ್ತು.

"ಬೇಗ ಬಾಗ್ಲು ಹಾಕೇ" ಫೈನಾ ಪಿಸುಗುಟ್ಟಿದಳು, "ನೀರು ಬರ್ತಿದೆ."

ರಿಮ್ಮಾ ಬಾಗಿಲು ಹಾಕಿದಳು. ಆಮೇಲೆ ಹೆಗಲ ಮೇಲಿದ್ದ ಶಾಲನ್ನು ತೆಗೆದು ಹೊಸ್ತಿಲ ಸಂದಿಗೆ ಒತ್ತಿ ಒತ್ತಿ ತುರುಕಿದಳು.