ದೇವರ ಗೋಡೆ

ಮೇಸ್ತ್ರಿ ಕದಿರೇಶ ರೂಮಿನ ಗೋಡೆಯ ಪಕ್ಕ ಪಾಯದ ಗುರುತಿಗೆ ನೆಟ್ಟಿದ್ದ ಗೂಟ ಕಿತ್ತುಕೊಂಡು ಹಿತ್ತಲಿನತ್ತ ತಿರುಗಿದ್ದೇ ತಡ, ಆದಿಲಕ್ಷ್ಮಮ್ಮ ಊರುಗೋಲನ್ನು ಅವನಿಗೆ ಅಡ್ಡ ಹಿಡಿದರು. "ಎಲ್ಲಿಗೋ?"

"ಟಾಯ್ಲೆಟ್ಟು ಹಿತ್ತಲಲ್ಲೇ ಇರ್ಲಿ ಅಂದ್ರು ಅಣ್ಣ," ಎಂದು ಅವನು ಅವರ ಮಗ ಮುರಳಿಮೋಹನನ ಮುಖ ನೋಡಿದ.

ಮಗ ತಲೆ ತಗ್ಗಿಸಿಕೊಂಡೇ ಹೇಳಿದ: "ನಿನ್ನ ರೂಮಿಗೂ ದೇವರ ಮನೆಗೂ ಒಂದೇ ಗೋಡೆ ಅಮ್ಮ. ದೇವರ ಗೋಡೆಗೆ ಆನಿಸಿ ಟಾಯ್ಲೆಟ್ ಕಟ್ಟಬಾರ್ದಂತೆ. ಮುಳಬಾಗಿಲಿನ ವಾಸ್ತುದವರು ಹೇಳಿದ್ರು."

ಮೊಮ್ಮಗನ ಸಂಸಾರಕ್ಕೆಂದು ಮಹಡಿ ಏಳುತ್ತಿತ್ತು. ಹುಟ್ಟಲಿರುವ ಮರಿಮಗುವಿಗೂ ಅಲ್ಲೊಂದು ಮೂಲೆ ನಿಗದಿಯಾಗಿತ್ತು. ಆದಿಲಕ್ಷ್ಮಮ್ಮ ಕೇಳಿದ್ದು ರೂಮಿಗೆ ಅಂಟಿಕೊಂಡ ಒಂದು ಟಾಯ್ಲೆಟ್ ಮಾತ್ರ. ಕಳೆದ ಕಾರ್ತೀಕದಲ್ಲಿ ಹಿತ್ತಲಿನ ಹಳೇ ಟಾಯ್ಲೆಟ್ಟಿಗೆ ಹೋಗುವಾಗ ರೇಷ್ಮೆಹುಳುವಿನ ಮನೆಯ ಹಿಂದೆ, ಪಾಚಿಗಟ್ಟಿದ ಚಪ್ಪಡಿಯ ಮೇಲೆ ಜಾರಿ ಬಿದ್ದಾಗ ಅವರ ಕೂಗು ಯಾರಿಗೂ ಕೇಳಿಸಿರಲಿಲ್ಲ. ತೆವಳಿಕೊಂಡು ಬಂದು ತಾವೇ ಎದ್ದಿದ್ದರು. ಯಾರಿಗೂ ಹೇಳಿರಲಿಲ್ಲ.

ಕದಿರೇಶನ ಕೈಯಿಂದ ಗೂಟ ಕಸಿದು ಮೊದಲಿನ ಗುಳಿಗೇ ಇಳಿಬಿಟ್ಟರು. ಕೋಲಿನ ತುದಿಯಿಂದ ಅದರ ತಲೆಯ ಮೇಲೆ ಎರಡು ಸಲ ಗುದ್ದಿದರು. "ದೇವರಿಗೆ ಮಂಡಿ ನೋವಿಲ್ಲ. ಅವನ ಮನೆ ಮಹಡಿ ಮೇಲೆ ಕಟ್ಟು."

ಮಗ ಬೆಚ್ಚಿಬಿದ್ದ. ಅಮ್ಮ ಪೂಜೆ ಮುಗಿಯದೆ ಒಂದು ತೊಟ್ಟು ನೀರೂ ಕುಡಿದವರಲ್ಲ. "ಮೆಟ್ಟಿಲು ಹತ್ತೋಕೆ ನಿನ್ ಕೈಲಾಗುತ್ತೇನಮ್ಮ? ದಿನಾ ದೇವರ ಮುಖ ನೋಡೋದು ಹೆಂಗೆ?"

"ಅರವತ್ತು ವರ್ಷ ನಾನೇ ಅವನ ಹತ್ರ ಹೋಗಿದ್ದೀನಿ. ಬೇಕಂದ್ರೆ ಇನ್ಮೇಲೆ ಅವನೇ ಇಳಿದು ಬರ್ಲಿ," ಎಂದರು ಆದಿಲಕ್ಷ್ಮಮ್ಮ. "ಕದಿರೇಶ, ಈ ಗೂಟದಿಂದ ದಾರ ಎಳಿಯೋ."