ಮತ್ತೊಮ್ಮೆ ಕರೆ

“ಏ ಗೂಬೆ!”

ಕಿಟಕಿಯ ಪಕ್ಕ ಕೂತಿದ್ದ ಹೆಂಡತಿ ಕರೆದಳು. ಪತ್ರಿಕೆ ಓದುತ್ತಿದ್ದ ಯಜಮಾನರು ತಟ್ಟನೆ ತಲೆಯೆತ್ತಿದರು. ಮದುವೆಯಾದ ಹೊಸತರಲ್ಲಿ ಅವಳೇ ಇಟ್ಟ ಅಡ್ಡಹೆಸರು ಅದು. ಮರೆವಿನ ಕಾಯಿಲೆ ಬಂದ ಮೇಲೆ ಅವಳ ಬಾಯಲ್ಲಿ ಅದು ಬಂದಿರಲೇ ಇಲ್ಲ. ಗಂಡನನ್ನೇ ಯಾರೋ ದೂರದ ನೆಂಟರೆಂದುಕೊಂಡು ಮರ್ಯಾದೆ ಕೊಟ್ಟು ಮಾತಾಡುತ್ತಿದ್ದಳು. ಆ ಮರ್ಯಾದೆ ಅವರಿಗೆ ಸಾಕುಸಾಕಾಗಿತ್ತು. ಒಂದೇ ಒಂದು ಸಲ ಅವಳಿಂದ ಬೈಸಿಕೊಳ್ಳಲು ಜೀವ ಹಾತೊರೆಯುತ್ತಿತ್ತು.

ಬೇರೆ ಯಾರಾದರೂ ಆಗಿದ್ದರೆ ಓಡಿಹೋಗಿ ಕೈ ಹಿಡಿಯುತ್ತಿದ್ದರು. ಆದರೆ ಇವರ ಕಸುಬೇ ಬೇರೆ. ಹೊಸ ಔಷಧಿಗಳ ಮೇಲಿನ ಸಂಶೋಧನೆಗಳನ್ನು ಜಾಲಾಡಿ, ಯಾವುದನ್ನು ನಂಬಬಹುದು, ಯಾವುದು ಬರೀ ಆಸೆಯ ಮಾತು ಎಂದು ತೀರ್ಪು ಕೊಡುವವರು. ಮಗಳು ಹಟ ಹಿಡಿದು ಅಮ್ಮನಿಗೆ ಶುರುಮಾಡಿಸಿದ್ದ ಮಾತ್ರೆಯ ಬಗ್ಗೆಯೂ ಅವರೇ ಬರೆದಿದ್ದರು: ‘ಬೆರಳೆಣಿಕೆಯ ರೋಗಿಗಳು. ಮಾತ್ರೆ ಪಡೆಯದವರ ಜೊತೆ ಹೋಲಿಕೆ ಇಲ್ಲ. ನಂಬುವಂತಿಲ್ಲ.’ ಈಗ ತಮ್ಮ ತೀರ್ಪು ಸುಳ್ಳಾಗಲಿ ಎಂದು ಆಸೆಪಟ್ಟರು. ಆಸೆಪಟ್ಟಿದ್ದಕ್ಕೇ ಅನುಮಾನವೂ ಬಂತು.

“ಇನ್ನೊಂದ್ಸಲ ಹೇಳು,” ಎಂದರು. ಅವಳು ಸುಮ್ಮನೆ ನೋಡಿದಳು.

ಕಾಕತಾಳೀಯವೂ ಇರಬಹುದು. ಎದುರಿಗೆ ಯಾರಿದ್ದರೂ ಹಾಗೇ ಕರೆಯುತ್ತಾಳೋ ಏನೋ. ಅಡುಗೆಮನೆಯಲ್ಲಿದ್ದ ಅಳಿಯನನ್ನು ಎಳೆದು ತಂದು ತಮ್ಮ ಕುರ್ಚಿಯಲ್ಲಿ ಕೂರಿಸಿದರು.

“ಏನ್ ಮಾವ ಇದು? ನಾನೇನ್ಮಾಡ್ಬೇಕು?”

“ಏನೂ ಮಾಡ್ಬೇಡಪ್ಪ, ಸುಮ್ನೆ ಕೂತ್ಕೋ. ನೀನು ಹೋಲಿಕೆಗೆ.”

ಅಳಿಯ ಒಲೆಯ ಮೇಲಿನ ಹಾಲು ಮರೆತು ಪಿಳಿಪಿಳಿ ಕಣ್ಣು ಬಿಟ್ಟ. ಅತ್ತೆ ಅವನಿಗೂ ಏನೂ ಹೇಳಲಿಲ್ಲ. ಮಾವ ಹೊರಗೆ ಹೋಗಿ ಮತ್ತೆ ಒಳಗೆ ಬಂದರು. ಕನ್ನಡಕ ತೆಗೆದು ಎದುರು ನಿಂತರು, ಹಾಕಿಕೊಂಡು ನಿಂತರು. ಅವಳು ಬೇಸತ್ತು ಕಿಟಕಿಯತ್ತ ತಿರುಗಿಬಿಟ್ಟಳು.

ಹಾಲು ಸೀದ ವಾಸನೆಗೆ ಮಗಳು ಓಡಿಬಂದಳು. ನಡೆದದ್ದನ್ನು ಕೇಳುತ್ತಿದ್ದಂತೆ ಅವಳ ಕಣ್ಣು ತುಂಬಿಕೊಂಡಿತು.

“ಅಮ್ಮ ಕರೆದಾಗ ನೀನು ‘ಓ’ ಅಂದ್ಯೇನಪ್ಪ?”

ಅಪ್ಪ ಕನ್ನಡಕ ತೆಗೆದಿಟ್ಟರು. ಹೋಗಿ ಹೆಂಡತಿಯ ಕಾಲ ಬಳಿ ನೆಲದ ಮೇಲೇ ಕೂತರು. ಮೆಲ್ಲಗೆ, “ಓ” ಎಂದರು.

ಅವಳು ತಿರುಗಿ ನೋಡಿದಳು.

“ಯಾರು ಕರೆದ್ರು ನಿಮ್ಮನ್ನ?”